ಬೈಬಲ್ ಅಚ್ಚು ಹಾಕುವ ಚೀನಾ ಪಾಸ್ಟರ್‌ಗಳನ್ನು ಹಿಡಿಯುವುದು ಯಾಕೆ?

2025ರ ಅಕ್ಟೋಬರ್ 10ರಂದು ದಕ್ಷಿಣ ಚೀನಾದ ಕರಾವಳಿ ನಗರ ಬೈಹಾಯ್‌ನಲ್ಲಿ ಪೊಲೀಸರು ಜಿನ್ ಮಿಂಗ್ರಿ ಎಂಬ ಪಾಸ್ಟರನ್ನು ವಶಕ್ಕೆ ತೆಗೆದುಕೊಂಡರು. ಅದೇ ದಿನಗಳಲ್ಲಿ ಬೀಜಿಂಗ್, ಶಾಂಘೈ ಸೇರಿ ಹಲವು ಊರುಗಳಲ್ಲಿ ಅವರ ಜಿಯಾನ್ ಚರ್ಚಿನ ಸುಮಾರು 30 ಮಂದಿ ಪಾಸ್ಟರ್‌ಗಳು ಮತ್ತು ಸಿಬ್ಬಂದಿ ಸಿಕ್ಕಿಬಿದ್ದರು. ನವೆಂಬರ್ ಹೊತ್ತಿಗೆ 18 ಮಂದಿಯ ಬಂಧನ ಅಧಿಕೃತವಾಯಿತು. ಆರೋಪ: ಮಾಹಿತಿ ಜಾಲದ ಅಕ್ರಮ ಬಳಕೆ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರೂಬಿಯೊ ಖಂಡಿಸಿದರು. ಧರ್ಮದ ಹೆಸರಿನಲ್ಲಿ ನಮ್ಮ ಒಳಗಿನ ವಿಷಯಕ್ಕೆ ಕೈ ಹಾಕಬೇಡಿ ಎಂದು ಚೀನಾ ಉತ್ತರ ಕೊಟ್ಟಿತು.

ಇಷ್ಟೇ ಓದಿದರೆ ಕತೆ ಸುಲಭ. ಕಮ್ಯುನಿಸ್ಟರಿಗೆ ದೇವರು ಕಂಡರೆ ಆಗುವುದಿಲ್ಲ, ಅದಕ್ಕೇ ಹಿಡಿದರು ಅಂತ ಮುಗಿಸಿಬಿಡಬಹುದು. ಆದರೆ ಅದೇ ಚೀನಾದ ನಾನ್‌ಜಿಂಗ್‌ನಲ್ಲಿ ಜಗತ್ತಿನ ಅತಿ ದೊಡ್ಡ ಬೈಬಲ್ ಮುದ್ರಣಾಲಯಗಳಲ್ಲಿ ಒಂದಿದೆ. ಆಮಿಟಿ ಎಂಬ ಆ ಮುದ್ರಣಾಲಯ 1980ರ ದಶಕದ ಕೊನೆಯಿಂದ ಇಲ್ಲಿಯವರೆಗೆ 20 ಕೋಟಿಗೂ ಜಾಸ್ತಿ ಬೈಬಲ್ ಅಚ್ಚು ಹಾಕಿದೆ. ಸರ್ಕಾರದ ಅನುಮತಿ ಇರುವ ಚರ್ಚುಗಳಲ್ಲಿ ಭಾನುವಾರ ಬೆಂಚುಗಳು ತುಂಬುತ್ತವೆ. ಬಿಷಪ್‌ಗಳ ನೇಮಕದ ಬಗ್ಗೆ ವ್ಯಾಟಿಕನ್ ಜೊತೆ ಬೀಜಿಂಗ್ ಒಪ್ಪಂದ ಮಾಡಿಕೊಂಡಿದೆ. ಹಾಗಾದರೆ ಯಾವ ಚೀನಾ ನಿಜ?

ಎರಡೂ ನಿಜ. ಚೀನಾ ಸರ್ಕಾರಕ್ಕೆ ಜನ ಯಾವ ದೇವರನ್ನು ನಂಬುತ್ತಾರೆ ಎನ್ನುವುದಕ್ಕಿಂತ, ಆ ಜನರನ್ನು ಒಟ್ಟುಗೂಡಿಸುತ್ತಿರುವವರು ಯಾರು, ಅವರ ಹಿಂದೆ ಹೊರದೇಶದ ಕೈ ಇದೆಯಾ ಎನ್ನುವುದೇ ದೊಡ್ಡ ತಲೆನೋವು. ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾನೂನು ಏನು ಹೇಳುತ್ತದೆ

ಚೀನಾ ಸಂವಿಧಾನದ 36ನೇ ವಿಧಿ ಧಾರ್ಮಿಕ ನಂಬಿಕೆಯ ಸ್ವಾತಂತ್ರ್ಯ ಕೊಡುತ್ತದೆ. ಜೊತೆಗೆ ಎರಡು ಗೆರೆಗಳನ್ನೂ ಎಳೆಯುತ್ತದೆ. ರಕ್ಷಣೆ ಸಿಗುವುದು 'ಸಾಮಾನ್ಯ' ಧಾರ್ಮಿಕ ಚಟುವಟಿಕೆಗಳಿಗೆ ಮಾತ್ರ. ಧಾರ್ಮಿಕ ಸಂಸ್ಥೆಗಳು ವಿದೇಶಿ ಹಿಡಿತದಲ್ಲಿ ಇರಬಾರದು. ಯಾವುದು ಸಾಮಾನ್ಯ, ಯಾವುದು ಅಲ್ಲ ಎಂದು ತೀರ್ಮಾನಿಸುವುದು ಆಡಳಿತ.

ಸರ್ಕಾರ ಮಾನ್ಯ ಮಾಡಿರುವುದು ಐದು ಧರ್ಮಗಳನ್ನು: ಬೌದ್ಧ, ದಾವೊ, ಇಸ್ಲಾಂ, ಕ್ಯಾಥೊಲಿಕ್, ಪ್ರೊಟೆಸ್ಟೆಂಟ್. ಹೌದು, ಅಲ್ಲಿ ಕೊನೆಯ ಎರಡನ್ನು ಬೇರೆ ಬೇರೆ ಧರ್ಮ ಎಂದೇ ಲೆಕ್ಕ ಹಾಕುತ್ತಾರೆ. ಪ್ರತಿಯೊಂದಕ್ಕೂ ಸರ್ಕಾರ ಒಪ್ಪಿದ ಸಂಘಟನೆ ಇದೆ. ಪ್ರೊಟೆಸ್ಟೆಂಟರಿಗೆ ಇರುವುದು 1954ರಲ್ಲಿ ರೂಪುಗೊಂಡ ತ್ರಿಸ್ವ ದೇಶಭಕ್ತ ಚಳವಳಿ. ಸ್ವಂತ ಆಡಳಿತ, ಸ್ವಂತ ಹಣ, ಸ್ವಂತ ಪ್ರಚಾರ, ಇವು ಅದರ ಮೂರು ಸೂತ್ರಗಳು. ಇದರಡಿ ನೋಂದಾಯಿಸಿಕೊಂಡ ಚರ್ಚ್ ಕಾನೂನುಬದ್ಧ. ನೋಂದಾಯಿಸಿಕೊಳ್ಳದೆ ಮನೆ, ಕಚೇರಿ, ಹೋಟೆಲ್ ಸಭಾಂಗಣಗಳಲ್ಲಿ ಸೇರುವವು ಮನೆ ಚರ್ಚುಗಳು. ಹೆಸರು ಮನೆ ಅಂತಿದ್ದರೂ ಕೆಲವಕ್ಕೆ ಸಾವಿರಾರು ಜನ ಬರುತ್ತಿದ್ದರು. ಜಿಯಾನ್ ಈ ಗುಂಪಿಗೆ ಸೇರಿದ್ದು.

ನಮ್ಮ ಓದುಗರಿಗೆ ಇಲ್ಲೊಂದು ಗೊಂದಲ ಆಗುವುದು ಸಹಜ. ಭಾರತದಲ್ಲಿ ಮಿಷನರಿ ಎಂದ ಕೂಡಲೇ ಮತಾಂತರದ ಜಗಳ ನೆನಪಾಗುತ್ತದೆ. ಚೀನಾದಲ್ಲಿ ಪ್ರಶ್ನೆ ಮತಾಂತರದ್ದಲ್ಲ. 18 ದಾಟಿದ, ಕಮ್ಯುನಿಸ್ಟ್ ಪಕ್ಷದ ಸದಸ್ಯನಲ್ಲದ ಚೀನೀಯ ನೋಂದಾಯಿತ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದರೆ ಯಾರೂ ಕೇಸು ಹಾಕುವುದಿಲ್ಲ. ಅದೇ ಮನುಷ್ಯ ನೋಂದಣಿ ಇಲ್ಲದ ಕಡೆ ಹತ್ತು ಜನರನ್ನು ಕೂರಿಸಿಕೊಂಡು ಪ್ರಸಂಗ, ಅಂದರೆ ಧರ್ಮೋಪದೇಶ ಮಾಡಿದರೆ ತೊಂದರೆ ಶುರು.

ಅಫೀಮಿನ ಹಡಗಿನಲ್ಲಿ ಬಂದ ಸುವಾರ್ತೆ

ಈ ಅನುಮಾನ 1949ರಲ್ಲಿ ಮಾವೊ ಬಂದ ಮೇಲೆ ಹುಟ್ಟಿದ್ದಲ್ಲ. ಅದರ ಬೇರು 19ನೇ ಶತಮಾನದಲ್ಲಿದೆ.

ಮೊದಲ ಪ್ರೊಟೆಸ್ಟೆಂಟ್ ಮಿಷನರಿ ರಾಬರ್ಟ್ ಮಾರಿಸನ್ 1807ರಲ್ಲಿ ಕ್ಯಾಂಟನ್‌ಗೆ, ಅಂದರೆ ಈಗಿನ ಗುವಾಂಗ್‌ಝೌಗೆ ಬಂದರು. ಬಳ್ಳಾರಿಗೆ ಜಾನ್ ಹ್ಯಾಂಡ್ಸ್‌ರನ್ನು ಕಳಿಸಿದ ಲಂಡನ್ ಮಿಷನರಿ ಸೊಸೈಟಿಯೇ ಅವರನ್ನೂ ಕಳಿಸಿತ್ತು. ಧರ್ಮಪ್ರಚಾರಕ್ಕೆ ಅನುಮತಿ ಇರಲಿಲ್ಲ. ಅಲ್ಲಿ ಉಳಿಯಲು ಮಾರಿಸನ್ ಈಸ್ಟ್ ಇಂಡಿಯಾ ಕಂಪನಿಯ ಭಾಷಾಂತರಕಾರರಾದರು. ಅವರ ನಂತರ ಬಂದ ಜರ್ಮನಿಯ ಕಾರ್ಲ್ ಗುಟ್ಸ್‌ಲಾಫ್ ಇನ್ನೂ ಮುಂದೆ ಹೋದರು. ಜಾರ್ಡಿನ್ ಮ್ಯಾಥೆಸನ್ ಕಂಪನಿಯ ಅಫೀಮು ಹಡಗುಗಳಲ್ಲಿ ದುಭಾಷಿಯಾಗಿ ಚೀನಾದ ಕರಾವಳಿ ಸುತ್ತಿದರು. ಹಡಗಿನ ಒಂದು ಬದಿಯಲ್ಲಿ ಅಫೀಮು ಇಳಿಯುತ್ತಿದ್ದರೆ ಇನ್ನೊಂದು ಬದಿಯಲ್ಲಿ ಅವರು ಧರ್ಮದ ಕರಪತ್ರ ಹಂಚುತ್ತಿದ್ದರು ಎನ್ನುವ ಚಿತ್ರ ಇವತ್ತಿಗೂ ಚೀನೀಯರ ಮನಸ್ಸಿನಿಂದ ಹೋಗಿಲ್ಲ. ಆ ಅಫೀಮು ಬೆಳೆದದ್ದು ನಮ್ಮ ಬಿಹಾರ, ಮಾಳ್ವ ಕಡೆ. ಹಡಗು ಹತ್ತಿದ್ದು ಕಲ್ಕತ್ತ, ಬೊಂಬಾಯಿಯಲ್ಲಿ.

ನಂತರ ಅಫೀಮು ಯುದ್ಧಗಳು. ಚೀನಾ ಸೋತಿತು. 1842ರ ನಾನ್‌ಜಿಂಗ್ ಒಪ್ಪಂದ ಬಂದರುಗಳನ್ನು ತೆರೆಯಿತು. 1858ರ ಒಪ್ಪಂದಗಳು ಮಿಷನರಿಗಳಿಗೆ ಒಳನಾಡಿನ ದಾರಿ ಬಿಟ್ಟುಕೊಟ್ಟವು. 1860ರಲ್ಲಿ ಫ್ರಾನ್ಸ್ ಜೊತೆ ಆದ ಒಪ್ಪಂದದ ಚೀನೀ ಪ್ರತಿಯಲ್ಲಿ, ಮಿಷನರಿಗಳು ಎಲ್ಲ ಪ್ರಾಂತ್ಯಗಳಲ್ಲೂ ಜಮೀನು ಕೊಳ್ಳಬಹುದು ಎಂಬ ಸಾಲು ಸೇರಿಕೊಂಡಿತ್ತು. ಫ್ರೆಂಚ್ ಪ್ರತಿಯಲ್ಲಿ ಅದು ಇರಲೇ ಇಲ್ಲ. ಹೀಗೆ ಚರ್ಚ್ ಎದ್ದ ಕಡೆಯೆಲ್ಲ ಹಳ್ಳಿಯವರ ಕಣ್ಣಿಗೆ ಅದು ಸೋಲಿನ ಗುರುತಾಯಿತು. ಹಳ್ಳಿಯ ಜಗಳದಲ್ಲಿ ಕ್ರೈಸ್ತನ ಪರ ಮಿಷನರಿ ನಿಂತರೆ, ಮಿಷನರಿಯ ಹಿಂದೆ ವಿದೇಶಿ ರಾಯಭಾರಿ ನಿಲ್ಲುತ್ತಿದ್ದ. ಜಿಲ್ಲೆಯ ಅಧಿಕಾರಿಗೆ ಅದೇ ಭಯ.

ಕರಾವಳಿ ಕರ್ನಾಟಕದವರಿಗೆ ಗೊತ್ತಿರುವ ಬಾಸೆಲ್ ಮಿಷನ್ ಕೂಡ ಈ ಕತೆಯಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಅದೇ ಸಂಸ್ಥೆ, 1847ರಲ್ಲಿ ಗುಟ್ಸ್‌ಲಾಫ್ ಕರೆಯ ಮೇಲೆ ಥಿಯೋಡೋರ್ ಹ್ಯಾಂಬರ್ಗ್ ಮತ್ತು ರುಡಾಲ್ಫ್ ಲೆಕ್ಲರ್ ಎಂಬಿಬ್ಬರನ್ನು ಹಾಂಗ್‌ಕಾಂಗ್‌ಗೆ ಕಳಿಸಿತು. ಮಂಗಳೂರಿನಲ್ಲಿ ಮೋಗ್ಲಿಂಗ್, ಆಮೇಲೆ ಕಿಟ್ಟೆಲ್ ಕನ್ನಡ ಕಲಿತ ಹಾಗೆಯೇ ಲೆಕ್ಲರ್ ದಕ್ಷಿಣ ಚೀನಾದ ಹಕ್ಕಾ ಜನರ ಭಾಷೆ ಕಲಿತು ಅವರ ನಡುವೆ ದಶಕಗಳ ಕಾಲ ಇದ್ದರು.

ಹಕ್ಕಾ ಸಮುದಾಯದಿಂದಲೇ ಬಂದವನು ಹೊಂಗ್ ಶಿಯುಚುವಾನ್. ಸರ್ಕಾರಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದ ಈತ, ಕೈಗೆ ಸಿಕ್ಕ ಕ್ರೈಸ್ತ ಕರಪತ್ರ ಓದಿ ತಾನು ಯೇಸುವಿನ ತಮ್ಮ ಎಂದು ನಂಬಿದ. 1850ರ ಕೊನೆಗೆ ಶುರುವಾದ ಅವನ ತೈಪಿಂಗ್ ದಂಗೆ 1864ರವರೆಗೆ ನಡೆಯಿತು. ಸತ್ತವರು ಸಾಮಾನ್ಯವಾಗಿ ಹೇಳುವ ಅಂದಾಜಿನಲ್ಲಿ 2 ಕೋಟಿ. ಒಂದು ಧಾರ್ಮಿಕ ಗುಂಪು ಎಲ್ಲಿಯವರೆಗೆ ಹೋಗಬಹುದು ಎನ್ನುವ ಪಾಠವನ್ನು ಬೀಜಿಂಗ್‌ನ ಆಡಳಿತಗಾರರು ಮರೆತೇ ಇಲ್ಲ. ಅವರು ರಾಜರಾಗಲಿ, ಕಮ್ಯುನಿಸ್ಟರಾಗಲಿ.

ಎಲ್ಲ ಮಿಷನರಿಗಳೂ ಒಂದೇ ಥರ ಇರಲಿಲ್ಲ, ಅದನ್ನೂ ಹೇಳಬೇಕು. 1865ರಲ್ಲಿ ಚೀನಾ ಇನ್‌ಲ್ಯಾಂಡ್ ಮಿಷನ್ ಕಟ್ಟಿದ ಹಡ್ಸನ್ ಟೇಲರ್ ಚೀನೀ ಬಟ್ಟೆ ಉಟ್ಟರು, ಜಡೆ ಬಿಟ್ಟರು, ಬಂದರು ಬಿಟ್ಟು ಒಳನಾಡಿಗೆ ನಡೆದರು. ಬಿಳಿಯ ಸಮಾಜ ಅವರನ್ನು ನೋಡಿ ನಕ್ಕಿತು. ಆಸ್ಪತ್ರೆ, ಹೆಣ್ಣುಮಕ್ಕಳ ಶಾಲೆ, ಹೆಣ್ಣುಮಕ್ಕಳ ಪಾದ ಬೆಳೆಯದಂತೆ ಬಿಗಿದು ಕಟ್ಟುವ ಪದ್ಧತಿಯ ವಿರುದ್ಧದ ಹೋರಾಟ, ಇದರಲ್ಲೆಲ್ಲ ಮಿಷನರಿಗಳ ಕೆಲಸ ಇದೆ. ಆದರೂ ವಿದೇಶಿಯರು ಮತ್ತು ಕ್ರೈಸ್ತರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆಯಲ್ಲಿ ಜನರ ಸಿಟ್ಟು ಆ ವ್ಯತ್ಯಾಸ ನೋಡಲಿಲ್ಲ. ಟೇಲರ್ ಸಂಸ್ಥೆಯೊಂದರಲ್ಲೇ 58 ಮಂದಿ ದೊಡ್ಡವರು, 21 ಮಕ್ಕಳು ಸತ್ತರು. ಸತ್ತ ಚೀನೀ ಕ್ರೈಸ್ತರ ಸಂಖ್ಯೆ ಇದರ ಎಷ್ಟೋ ಪಟ್ಟು.

ಮಿಷನರಿಗಳು ಹೋದ ಮೇಲೆ

'ತ್ರಿಸ್ವ' ಸೂತ್ರವನ್ನು ಕಮ್ಯುನಿಸ್ಟರು ಕಂಡುಹಿಡಿದರು ಎಂದು ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. 19ನೇ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ಹೆನ್ರಿ ವೆನ್, ಅಮೆರಿಕದ ರೂಫಸ್ ಆಂಡರ್ಸನ್ ಎಂಬ ಮಿಷನ್ ನಾಯಕರೇ ಇದನ್ನು ಹೇಳಿದ್ದು. ಸ್ಥಳೀಯ ಸಭೆ, ಅಂದರೆ ಚರ್ಚಿನ ಸಮುದಾಯ, ತನ್ನ ಕಾಲ ಮೇಲೆ ನಿಲ್ಲಬೇಕು, ಮಿಷನರಿ ಜಾಗ ಬಿಟ್ಟು ಮುಂದೆ ಹೋಗಬೇಕು ಎನ್ನುವುದು ಅವರ ಆಸೆ. ಮಿಷನ್‌ಗಳು ನೂರು ವರ್ಷ ಇದನ್ನು ಬಾಯಲ್ಲಿ ಹೇಳಿದವು, ಹಣದ ಪೆಟ್ಟಿಗೆಯ ಬೀಗದ ಕೈ ಮಾತ್ರ ಬಿಡಲಿಲ್ಲ. 1950ರಲ್ಲಿ ಕೊರಿಯಾ ಯುದ್ಧ ಬಂತು. ಅಮೆರಿಕನ್ನರು ಶತ್ರುಗಳಾದರು. ಮಿಷನರಿಗಳು ಒಂದೆರಡು ವರ್ಷದಲ್ಲಿ ಗಂಟುಮೂಟೆ ಕಟ್ಟಿದರು. ಅವರದೇ ಸೂತ್ರ ಪಕ್ಷದ ಕೈಗೆ ಹೋಯಿತು. ಸೇರಲು ಒಪ್ಪದ ವಾಂಗ್ ಮಿಂಗ್‌ದಾವೊ ತರದ ಪಾಸ್ಟರ್‌ಗಳು ಜೈಲು ಸೇರಿದರು. 1966ರಿಂದ ಸಾಂಸ್ಕೃತಿಕ ಕ್ರಾಂತಿಯಲ್ಲಿ ತ್ರಿಸ್ವ ಚರ್ಚುಗಳ ಬಾಗಿಲೂ ಮುಚ್ಚಿತು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. 1949ರಲ್ಲಿ ಪ್ರೊಟೆಸ್ಟೆಂಟರು ಇದ್ದದ್ದು ಹೆಚ್ಚೆಂದರೆ 10 ಲಕ್ಷ. ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ 1997ರಲ್ಲಿ 1 ಕೋಟಿ, 2018ರಲ್ಲಿ 3.8 ಕೋಟಿ. ಕ್ಯಾಥೊಲಿಕರು 60 ಲಕ್ಷ. ಮನೆ ಚರ್ಚುಗಳನ್ನೂ ಸೇರಿಸಿ ಕೆಲವರು 10 ಕೋಟಿವರೆಗೆ ಹೇಳುತ್ತಾರೆ. ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಸಮೀಕ್ಷೆಗಳನ್ನು ಪರಿಶೀಲಿಸಿ, ತಾನು ಕ್ರೈಸ್ತ ಎಂದು ಹೇಳಿಕೊಳ್ಳುವ ದೊಡ್ಡವರು ಶೇ 2ರಷ್ಟು ಮಾತ್ರ, 2010ರ ನಂತರ ಬೆಳವಣಿಗೆ ನಿಂತಂತಿದೆ ಎಂದಿತು. ಪೊಲೀಸರ ಭಯ ಇರುವ ಕಡೆ ಸಮೀಕ್ಷೆಯವನಿಗೆ ಎಷ್ಟು ಜನ ನಿಜ ಹೇಳುತ್ತಾರೆ ಎನ್ನುವುದು ಬೇರೆ ಮಾತು. ಯಾವ ಲೆಕ್ಕ ಹಿಡಿದರೂ, ಮಿಷನರಿಗಳು ಇದ್ದಾಗ ಆಗದ ಬೆಳವಣಿಗೆ ಅವರು ಹೋದ ಮೇಲೆ ಆಯಿತು.

ಯಾಕೆ? ವಿದೇಶಿ ಎಂಬ ಹಣೆಪಟ್ಟಿ ಕಳಚಿತು ಎನ್ನುವುದು ಮೊದಲ ಕಾರಣ. ಪಕ್ಕದ ಮನೆಯ ಅಜ್ಜಿ ಪ್ರಾರ್ಥನೆ ಮಾಡಿದರೆ ಅದು ಸಾಮ್ರಾಜ್ಯಶಾಹಿ ಆಗುವುದಿಲ್ಲ. ಚರ್ಚ್ ಕಟ್ಟಡ, ಸಂಬಳದ ಪಾಸ್ಟರ್ ಎರಡೂ ಇಲ್ಲದಾಗ ಕೆಲಸ ಸಾಮಾನ್ಯ ಜನರ ಕೈಗೆ ಬಂತು. ಅದರಲ್ಲೂ ಹೆಂಗಸರ ಕೈಗೆ. ಹೆನಾನ್ ಪ್ರಾಂತ್ಯದ ಹಳ್ಳಿಗಳಲ್ಲಿ ಕಾಯಿಲೆ ಬಿದ್ದವರಿಗಾಗಿ ಪ್ರಾರ್ಥಿಸುತ್ತ ಊರೂರು ಸುತ್ತಿದವರು ಬಹುಪಾಲು ರೈತರು. 80ರ ದಶಕದಲ್ಲಿ ಸಾಮೂಹಿಕ ಕೃಷಿಯ ಕಮ್ಯೂನ್‌ಗಳು ಒಡೆದು, ಅವುಗಳ ಜೊತೆಗಿದ್ದ ಅಗ್ಗದ ಆಸ್ಪತ್ರೆ ವ್ಯವಸ್ಥೆಯೂ ಹೋಯಿತು. ಡಾಕ್ಟರು ಇಲ್ಲದ ಊರಿನಲ್ಲಿ ಪ್ರಾರ್ಥನೆಗೆ ಜನ ಸೇರಿದರು. ವೆನ್‌ಝೌ ನಗರದ ವ್ಯಾಪಾರಿಗಳು ಸಾಮಾನು ಮಾರಲು ಹೋದ ಕಡೆಯೆಲ್ಲ ಸಭೆ ಕಟ್ಟಿದರು. 1989ರ ತಿಯಾನನ್‌ಮೆನ್ ಘಟನೆಯಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯನ್ನು ಸೇನೆ ಹತ್ತಿಕ್ಕಿದ ನಂತರ ಪಕ್ಷದ ಮೇಲಿನ ನಂಬಿಕೆ ಕಳೆದುಕೊಂಡ ಓದಿದ ತರುಣರು ಬೇರೆ ಏನನ್ನೋ ಹುಡುಕುತ್ತಿದ್ದರು. ಜಿನ್ ಮಿಂಗ್ರಿ ಆ ಪೀಳಿಗೆಯವರೇ.

ಮುಚ್ಚಿದ್ದಕ್ಕೇ ಹರಡಿತು

ಜಿನ್ 2007ರಲ್ಲಿ ಬೀಜಿಂಗ್‌ನಲ್ಲಿ ಜಿಯಾನ್ ಚರ್ಚ್ ಶುರು ಮಾಡಿದರು. ಹತ್ತು ವರ್ಷದಲ್ಲಿ ಅದು ನಗರದ ದೊಡ್ಡ ಮನೆ ಚರ್ಚುಗಳಲ್ಲಿ ಒಂದಾಯಿತು. ಆ ಹೊತ್ತಿಗೆ ಷಿ ಜಿನ್‌ಪಿಂಗ್ ಅವರ 'ಧರ್ಮಗಳ ಚೀನೀಕರಣ' ನೀತಿ ಬಂದಿತ್ತು. ಪ್ರಸಂಗ, ಹಾಡು, ಕಟ್ಟಡ ಎಲ್ಲವೂ ಚೀನೀ ಸಂಸ್ಕೃತಿಗೆ ಮತ್ತು ಸಮಾಜವಾದಕ್ಕೆ ಹೊಂದಬೇಕು ಎನ್ನುವುದು ನೀತಿಯ ಮಾತು. ಎರಡನೆಯ ಅರ್ಧವೇ ಮುಖ್ಯ. 2018ರ ಫೆಬ್ರವರಿಯಲ್ಲಿ ಹೊಸ ಧಾರ್ಮಿಕ ನಿಯಮಗಳು ಜಾರಿಯಾದವು. ಅದೇ ವರ್ಷ ಧರ್ಮಗಳ ಉಸ್ತುವಾರಿ ಸರ್ಕಾರದ ಇಲಾಖೆಯಿಂದ ನೇರವಾಗಿ ಪಕ್ಷದ ವಿಭಾಗಕ್ಕೆ ಹೋಯಿತು.

ಆರಾಧನೆಯ ಹಾಲ್‌ನಲ್ಲಿ ಕಣ್ಗಾವಲು ಕ್ಯಾಮೆರಾ ಹಾಕಲು ಜಿಯಾನ್ ಒಪ್ಪಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಬಾಗಿಲು ಮುಚ್ಚಿಸಿದರು. ಡಿಸೆಂಬರ್‌ನಲ್ಲಿ ಚೆಂಗ್ಡು ನಗರದ ಅರ್ಲಿ ರೈನ್ ಚರ್ಚಿನ ಮೇಲೆ ದಾಳಿ ಆಯಿತು. ಅದರ ಪಾಸ್ಟರ್ ವಾಂಗ್ ಯಿ ಅವರಿಗೆ ಮುಂದಿನ ವರ್ಷ 9 ವರ್ಷ ಜೈಲಾಯಿತು.

ಕಟ್ಟಡ ಹೋದ ಜಿಯಾನ್ ಆನ್‌ಲೈನ್‌ಗೆ ಹೋಯಿತು. ಕೋವಿಡ್ ಬಂದಾಗ ಬೇರೆಯವರು ಪರದಾಡುತ್ತಿದ್ದರೆ ಇವರು ಆಗಲೇ ಜೂಮ್‌ನಲ್ಲಿ ಪಳಗಿದ್ದರು. ಪ್ರಸಂಗ ಆನ್‌ಲೈನ್‌ನಲ್ಲಿ, ಕೇಳಲು ಮನೆ, ಹೋಟೆಲುಗಳಲ್ಲಿ ಸೇರುವ ಸಣ್ಣ ಗುಂಪುಗಳು. ಹೀಗೆ ಒಂದು ನಗರದ ಚರ್ಚ್ ಸುಮಾರು 40 ನಗರಗಳ ಜಾಲವಾಯಿತು. ಸರ್ಕಾರಕ್ಕೆ ಇದು ದುಪ್ಪಟ್ಟು ತಲೆನೋವು. ಒಂದು ಕಟ್ಟಡದಲ್ಲಿ ಕೂತ ಸಾವಿರ ಜನರನ್ನು ಠಾಣೆಯವರು ನೋಡಿಕೊಳ್ಳಬಹುದು. ಪ್ರಾಂತ್ಯಗಳ ಗಡಿ ದಾಟಿ ಹರಡಿದ, ತನ್ನದೇ ನಾಯಕರಿರುವ ಜಾಲವನ್ನು ಪಕ್ಷ ಯಾವತ್ತೂ ಸಹಿಸಿಲ್ಲ. ಅದು ಕಾರ್ಮಿಕ ಸಂಘಟನೆಯಾದರೂ ಸರಿ, ನಿಷೇಧಕ್ಕೆ ಒಳಗಾದ ಫಾಲುನ್ ಗಾಂಗ್ ಎಂಬ ಆಧ್ಯಾತ್ಮಿಕ ಪಂಥವಾದರೂ ಸರಿ. ಆನ್‌ಲೈನ್ ಧಾರ್ಮಿಕ ವಿಷಯಗಳಿಗೆ ಪರವಾನಗಿ ಬೇಕೆಂಬ ನಿಯಮ 2022ರಲ್ಲೇ ಬಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಧರ್ಮಗುರುಗಳ ಆನ್‌ಲೈನ್ ನಡವಳಿಕೆಗೆ ಪ್ರತ್ಯೇಕ ನಿಯಮ ಹೊರಬಿತ್ತು: ಪರವಾನಗಿ ಇಲ್ಲದ ವೇದಿಕೆಯಲ್ಲಿ ಪ್ರಸಂಗ ಬೇಡ, ಮಕ್ಕಳನ್ನು ಸೆಳೆಯುವುದು ಬೇಡ, ಹಣ ಎತ್ತುವುದು ಬೇಡ. ಒಂದು ತಿಂಗಳೊಳಗೆ ಬಂಧನ ನಡೆಯಿತು.

ಯಾರ ವಾದ ಏನು

ಸರ್ಕಾರದ ವಾದ ಸರಳ. ನೋಂದಣಿ ಎಲ್ಲರಿಗೂ ಒಂದೇ, ಮಾಡಿಸಿಕೊಂಡವರಿಗೆ ತೊಂದರೆ ಇಲ್ಲ. ಈ ವಾದದ ತೂತು ಝೆಜಿಯಾಂಗ್ ಪ್ರಾಂತ್ಯದಲ್ಲಿ ಕಾಣುತ್ತದೆ. ಅಲ್ಲಿ 2014ರಿಂದ 2016ರವರೆಗೆ ಸಾವಿರಕ್ಕೂ ಜಾಸ್ತಿ ಚರ್ಚುಗಳ ಶಿಲುಬೆ ಇಳಿಸಿದರು. ಅವುಗಳಲ್ಲಿ ಬಹಳಷ್ಟು ನೋಂದಾಯಿತ ಚರ್ಚುಗಳು. ಇದನ್ನು ವಿರೋಧಿಸಿದ ಹಾಂಗ್‌ಝೌ ನಗರದ ಪಾಸ್ಟರ್ ಗು ಯುಯೆಸೆ ತ್ರಿಸ್ವ ವ್ಯವಸ್ಥೆಯಲ್ಲೇ ದೊಡ್ಡ ಹುದ್ದೆಯಲ್ಲಿದ್ದವರು. 2016ರಲ್ಲಿ ಹುದ್ದೆ ಹೋಯಿತು, ಪೊಲೀಸರ ವಶವೂ ಆದರು.

ಹಾಗಂತ ತ್ರಿಸ್ವ ಚರ್ಚಿನವರೆಲ್ಲ ಪಕ್ಷದ ಬಾಲ ಹಿಡಿದವರು ಎನ್ನುವುದು ಅನ್ಯಾಯ. ಕೋಟಿಗಟ್ಟಲೆ ಜನರಿಗೆ ಬೈಬಲ್, ಬಹಿರಂಗ ಆರಾಧನೆ, ಓದಿದ ಪಾಸ್ಟರ್ ಸಿಕ್ಕಿದ್ದು ಅವರಿಂದ. ನಾವು ಬಾಗಿದ್ದರಿಂದ ಬಾಗಿಲು ತೆರೆದಿದೆ ಎನ್ನುತ್ತಾರೆ ಅವರು. ಸಭೆಗೆ ಯಜಮಾನ ಕ್ರಿಸ್ತ, ಪಕ್ಷ ಅಲ್ಲ ಎನ್ನುತ್ತಾರೆ ಮನೆ ಚರ್ಚಿನವರು. ಎಷ್ಟೋ ಕುಟುಂಬಗಳು ಎರಡೂ ಕಡೆ ಹೋಗುತ್ತವೆ ಎನ್ನುವುದು ಈ ಜಗಳದಲ್ಲಿ ಮರೆತುಹೋಗುತ್ತದೆ.

ವ್ಯಾಟಿಕನ್ ಹಿಡಿದದ್ದು ಮಧ್ಯದ ದಾರಿ. 2018ರ ಒಪ್ಪಂದ 2024ರಲ್ಲಿ ನಾಲ್ಕು ವರ್ಷಕ್ಕೆ ಮುಂದುವರಿಯಿತು. ಅದರ ಪೂರ್ಣ ಪಠ್ಯ ಇನ್ನೂ ಗುಟ್ಟು. ಹಾಂಗ್‌ಕಾಂಗ್‌ನ ಕಾರ್ಡಿನಲ್ ಜೋಸೆಫ್ ಝೆನ್ ಇದನ್ನು ಸರ್ಕಾರದ ಸಂಘಟನೆಗೆ ಸೇರದ ಭೂಗತ ಕ್ಯಾಥೊಲಿಕರಿಗೆ ಮಾಡಿದ ದ್ರೋಹ ಎನ್ನುತ್ತಾರೆ. ಒಪ್ಪಂದ ಇದ್ದರೂ 2023ರಲ್ಲಿ ಶಾಂಘೈಗೆ ಬಿಷಪ್‌ರನ್ನು ಬೀಜಿಂಗ್ ತಾನೇ ಕೂರಿಸಿತು, ಮೂರು ತಿಂಗಳ ನಂತರ ಪೋಪ್ ಒಪ್ಪಿಗೆ ಕೊಟ್ಟರು. ಮಾತುಕತೆಯಲ್ಲಿ ಯಾರ ಕೈ ಮೇಲಿದೆ ಎಂದು ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಮಿಷನ್ ಈಗ ಎಲ್ಲಿ ನಡೆಯುತ್ತಿದೆ

ವಿದೇಶಿಯರ ಧಾರ್ಮಿಕ ಚಟುವಟಿಕೆಗೆ 1994ರ ನಿಯಮವೊಂದಿತ್ತು. ಅದರ ವಿವರವಾದ ಹೊಸ ನಿಯಮಗಳು 2025ರ ಮೇ 1ರಂದು ಜಾರಿಯಾದವು. ವಿದೇಶಿಯರು ನೋಂದಾಯಿತ ಕಡೆ ಆರಾಧನೆಗೆ ಹೋಗಬಹುದು. ಕರೆಯಿಲ್ಲದೆ ಪ್ರಸಂಗ ಮಾಡುವಂತಿಲ್ಲ, ಚೀನೀಯರನ್ನು ಧರ್ಮಕ್ಕೆ ಸೇರಿಸುವಂತಿಲ್ಲ, ಪುಸ್ತಕ ಹಂಚುವಂತಿಲ್ಲ. ಇಂಗ್ಲಿಷ್ ಮೇಷ್ಟ್ರು, ಕಾಫಿ ಅಂಗಡಿ ಮಾಲೀಕ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದವರ ಕಾಲ ಹೆಚ್ಚುಕಡಿಮೆ ಮುಗಿದಿದೆ. ದಕ್ಷಿಣ ಕೊರಿಯಾದ ಮಿಷನರಿಗಳಂತೂ 2017ರ ಸುಮಾರಿಗೇ ದೊಡ್ಡ ಸಂಖ್ಯೆಯಲ್ಲಿ ಹೊರಬಿದ್ದರು.

ಹೀಗಾಗಿ ಚೀನೀಯರ ನಡುವಿನ ಕೆಲಸ ಚೀನಾದ ಹೊರಗೆ ಸರಿಯಿತು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳಲ್ಲಿ ಓದುವ ಚೀನೀ ವಿದ್ಯಾರ್ಥಿಗಳು, ಜಪಾನ್, ಥಾಯ್ಲೆಂಡ್‌ಗಳಿಗೆ ಹೋಗಿ ನೆಲೆಸುತ್ತಿರುವ ಮಧ್ಯಮವರ್ಗ, ಇವರೇ ಈಗಿನ ಗುರಿ. ಅಲ್ಲಿ ಮುಂದೆ ನಿಲ್ಲುವವರು ಹೆಚ್ಚಾಗಿ ಚೀನೀಯರೇ. ಇದು ತೀರಾ ಹೊಸದೂ ಅಲ್ಲ. ಬಾಸೆಲ್ ಮಿಷನ್‌ನ ಹಕ್ಕಾ ಕ್ರೈಸ್ತರು 1880ರ ದಶಕದಲ್ಲೇ ಬೋರ್ನಿಯೊ ದ್ವೀಪದ ಸಬಾಕ್ಕೆ ವಲಸೆ ಹೋಗಿ ಸಭೆ ಕಟ್ಟಿಕೊಂಡರು. ಮಲೇಷ್ಯಾದ ಆ ಚರ್ಚ್ ಇಂದಿಗೂ ಬಾಸೆಲ್ ಹೆಸರಿನಲ್ಲೇ ಇದೆ.

ಚೀನಾದ ಒಳಗಿನಿಂದಲೂ ಮಿಷನರಿಗಳು ಹೊರಗೆ ಹೋಗುತ್ತಿದ್ದಾರೆ. ಅದರ ಅಪಾಯ 2017ರಲ್ಲಿ ಕಂಡಿತು. ಪಾಕಿಸ್ತಾನದ ಕ್ವೆಟ್ಟಾದಲ್ಲಿ ಇಬ್ಬರು ಚೀನೀ ತರುಣರನ್ನು ಅಪಹರಿಸಿದರು. ಕೊಂದದ್ದು ತಾವೇ ಎಂದು ಉಗ್ರ ಸಂಘಟನೆ ಇಸ್ಲಾಮಿಕ್ ಸ್ಟೇಟ್ (ಐಎಸ್) ಹೇಳಿಕೊಂಡಿತು. ಭಾಷಾ ಶಾಲೆಯ ಮರೆಯಲ್ಲಿ ಅವರು ಧರ್ಮಪ್ರಚಾರ ಮಾಡುತ್ತಿದ್ದರು ಎಂದಿತು ಪಾಕಿಸ್ತಾನ ಸರ್ಕಾರ. ಕೋಟ್ಯಂತರ ಡಾಲರ್ ಹೂಡಿದ ದೇಶದಲ್ಲಿ ತನ್ನದೇ ಪ್ರಜೆಗಳು ಮಿಷನರಿಗಳಾಗಿ ಸಿಕ್ಕಿಬಿದ್ದದ್ದು ಬೀಜಿಂಗ್‌ಗೆ ಇರುಸುಮುರುಸು. ಒಳಗಿನ ಚರ್ಚುಗಳ ಮೇಲೆ ನಿಗಾ ಬಿಗಿಯಾಯಿತು. 19ನೇ ಶತಮಾನದಲ್ಲಿ ಲಂಡನ್, ಪ್ಯಾರಿಸ್‌ಗಳು ತಮ್ಮ ಮಿಷನರಿಗಳ ಹಿಂದೆ ಯುದ್ಧನೌಕೆ ಕಳಿಸುತ್ತಿದ್ದವು. ಈಗಿನ ಬೀಜಿಂಗ್‌ಗೆ ತನ್ನ ಮಿಷನರಿಗಳು ಬೇಡವೇ ಬೇಡ.

ಮುಂದೆ ನೋಡಬೇಕಾದ್ದು

ದೊಡ್ಡ ನಗರ ಚರ್ಚುಗಳು ಇನ್ನು ಉಳಿಯುವುದು ಕಷ್ಟ. ಹತ್ತು ಇಪ್ಪತ್ತು ಜನರ ಗುಂಪುಗಳಾಗಿ ಒಡೆಯುತ್ತವೆ. ಸಣ್ಣ ಗುಂಪನ್ನು ಪತ್ತೆ ಹಚ್ಚುವುದು ಪೊಲೀಸರಿಗೆ ಕಷ್ಟ, ಒಳ್ಳೆಯ ಪಾಸ್ಟರ್ ಹುಡುಕುವುದು ಗುಂಪಿಗೂ ಕಷ್ಟ. ತರಬೇತಿ ಇಲ್ಲದ ಕಡೆ ವಿಚಿತ್ರ ಪಂಥಗಳು ಹುಟ್ಟುತ್ತವೆ. ಚೀನಾ ಇದನ್ನು ಹಿಂದೆಯೂ ಕಂಡಿದೆ. 18ಕ್ಕಿಂತ ಚಿಕ್ಕವರನ್ನು ಚರ್ಚಿನಿಂದ ದೂರ ಇಡುವ ನೀತಿಯ ಪರಿಣಾಮ ಇನ್ನೂ ನಿಧಾನ. ಭಾನುವಾರದ ಮಕ್ಕಳ ಶಾಲೆ ಇಲ್ಲದ ಒಂದು ಪೀಳಿಗೆ ಬೆಳೆದಾಗ ಲೆಕ್ಕ ಸಿಗುತ್ತದೆ.

ಜಿಯಾನ್ ಪ್ರಕರಣದಲ್ಲಿ ಗಮನಿಸಬೇಕಾದ್ದು ಕೊನೆಗೆ ಯಾವ ಕಲಂ ಹಾಕುತ್ತಾರೆ ಎನ್ನುವುದನ್ನು. ಮಾಹಿತಿ ಜಾಲದ ಅಕ್ರಮ ಬಳಕೆಗೆ ಗರಿಷ್ಠ ಶಿಕ್ಷೆ 3 ವರ್ಷ. ಆದರೆ ಇತ್ತೀಚಿನ ವರ್ಷಗಳಲ್ಲಿ ಶಾಂಕ್ಸಿ ಪ್ರಾಂತ್ಯದ ಲಿನ್‌ಫೆನ್ ಸೇರಿ ಕೆಲವು ಕಡೆ ಮನೆ ಚರ್ಚಿನ ನಾಯಕರ ಮೇಲೆ ಬಿದ್ದದ್ದು ವಂಚನೆಯ ಕೇಸು. ವಾದ ಹೀಗಿದೆ: ಚರ್ಚಿಗೆ ನೋಂದಣಿ ಇಲ್ಲ, ಆದ್ದರಿಂದ ಪಾಸ್ಟರ್ ಪಾಸ್ಟರೇ ಅಲ್ಲ, ಆದ್ದರಿಂದ ಕಾಣಿಕೆ ಪಡೆದದ್ದು ಮೋಸ. ಇದಕ್ಕೆ ಶಿಕ್ಷೆ ಹತ್ತು ವರ್ಷ ದಾಟಬಹುದು. ಜೂಮ್ ಬಳಸದ ಸಭೆ ಇರಬಹುದು. ಕಾಣಿಕೆ ತಟ್ಟೆ ಇಡದ ಸಭೆ ಸಿಗುವುದು ಕಷ್ಟ.